ಕೋವಿಯ ಕುಲಾಚಾರ

ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ಮಾರ್ಗದಲ್ಲಿ ವಂಡ್ಸೆಯನ್ನು ದಾಟಿ ಚಿತ್ತೂರನ್ನು ಸಮೀಪಿಸುವ ಯಾತ್ರಿಕನು, ಮೂಕಾಂಬಿಕೆಯ ಸನ್ನಿಧಾನವನ್ನು ಸೇರುವುದಕ್ಕೆ ಬಹಳ ಮುನ್ನವೇ, ಆಕೆಯ ಕೈಯಿಂದ ಹತನಾದವನ ಸನ್ನಿಧಾನವನ್ನು ಕಾಣುತ್ತಾನೆ. ದೇವಿಯು ಮೂಕಾಸುರನನ್ನು ಸಂಹರಿಸಿದ ಸ್ಥಳವೇ ಮಾರಣಕಟ್ಟೆಯೆಂದೂ, ಆಕೆಯ ಅನುಗ್ರಹದಿಂದ ಆ ಅಸುರನೇ ಅಲ್ಲಿ ಬ್ರಹ್ಮಲಿಂಗೇಶ್ವರನಾಗಿ ಪೂಜೆಗೊಳ್ಳುತ್ತಿರುವನೆಂದೂ ಸ್ಥಳಪುರಾಣವು ಹೇಳುತ್ತದೆ. ಕೊಂದವಳಿಗೂ ಗುಡಿಯುಂಟು, ಹತನಾದವನಿಗೂ ಗುಡಿಯುಂಟು; ನಾವು ಎರಡೂ ಕಡೆಗಳಲ್ಲಿ ಹಣ್ಣುಕಾಯಿ ಮಾಡಿಸಿ ಕೈಮುಗಿಯುತ್ತೇವೆ. ಹಂದಿಯ ವಿಷಯದಲ್ಲಿಯೂ ಈ ಸೀಮೆಯ ನಡೆ ಇಂಥದೇ. ಪಾಡ್ದನಗಳ ಒಂದು ಪಾಠದಂತೆ, ಈಶ್ವರನ ತೋಟವನ್ನು ಹಾಳುಗೆಡವಿ ವಧಾರ್ಹವೆನಿಸಿದ ಹಂದಿಯು, ಪಾರ್ವತಿಯು ಅಡ್ಡ ಬಂದುದರಿಂದ ಪ್ರಾಣ ಉಳಿದು, ಭೂಲೋಕಕ್ಕಿಳಿದು ಬೆಳೆಯನ್ನು ಕಾಯುವ ಪಂಜುರ್ಲಿ ದೈವವಾಯಿತು. ಆ ದೈವಕ್ಕೆ ವರ್ಷಂಪ್ರತಿ ಸೇವೆ ಸಲ್ಲಿಸುವ ಒಕ್ಕಲೇ ಸುಗ್ಗಿಯ ರಾತ್ರಿಗಳಲ್ಲಿ ಹಂದಿಯನ್ನು ಕಾದು ಕೋವಿ ಹಿಡಿದು ಕುಳಿತುಕೊಳ್ಳುತ್ತಿದ್ದಿತು. ಇದನ್ನು ಕಪಟವೆಂದೋ ಅವಿಚಾರವೆಂದೋ ತಳ್ಳಿಹಾಕುವವರನ್ನು ನಾನು ಬಲ್ಲೆನಾದರೂ, ನನಗೆ ಅದು ಹಾಗೆ ತೋರುವುದಿಲ್ಲ. ಕೊಂದ ಮಾತ್ರಕ್ಕೆ ಕೊಂದವನ ಲೆಕ್ಕ ಚುಕ್ತವಾಗುವುದಿಲ್ಲ, ಸತ್ತ ಜೀವವು ಕೊಂದ ಮನೆಯ ಮೇಲೆ ಒಂದು ಹಕ್ಕನ್ನು ಉಳಿಸಿಕೊಂಡೇ ಸಾಯುತ್ತದೆ ಎಂಬ ತಿಳಿವು ಈ ನಡೆಯ ಬುಡದಲ್ಲಿದೆ.

ಬೇಟೆಯನ್ನು ಮನೆತನದ ಸಂಪ್ರದಾಯವೆಂದು ಹೇಳಿಕೊಳ್ಳುವ ಕುಟುಂಬಗಳು ಕನ್ನಡ ನಾಡಿನಲ್ಲಿ ಕಡಿಮೆಯಿಲ್ಲ. ನನ್ನದೂ ಅವುಗಳಲ್ಲಿ ಒಂದು. ಹಾಗೆ ಹೇಳಿಕೊಳ್ಳುವಾಗ ನಾವು ಸಾಮಾನ್ಯವಾಗಿ ಒಂದು ಸಮರ್ಥನೆಯನ್ನು ಮಾತಿನೊಳಗೆ ಅಡಗಿಸಿರುತ್ತೇವೆ: ಅಜ್ಜ ಮಾಡಿದುದು, ಅಪ್ಪ ಮಾಡಿದುದು, ಆದಕಾರಣ ನಾವು ಮಾಡುವುದರಲ್ಲಿ ದೋಷವಿಲ್ಲ ಎಂಬುದಾಗಿ. ಒಬ್ಬನು ಒಂಟಿಯಾಗಿ ಮಾಡಿದರೆ ಪಾಪವಾಗುವ ಕಾರ್ಯವು ಮೂರು ತಲೆಮಾರು ಮಾಡಿದ ಮಾತ್ರಕ್ಕೆ ಧರ್ಮವಾದೀತೆ? ಕುಲಾಚಾರಕ್ಕೆ ಅಂಥ ಶುದ್ಧಿಶಕ್ತಿಯುಂಟೆ? ಇಲ್ಲವಾದರೆ, ಇಂಥ ಮನೆಯಲ್ಲಿ ಹುಟ್ಟಿದವನಿಗೆ ಹಿರಿಯರಿಂದ ಬಂದುದಾದರೂ ಏನು? ಇದೇ ನನ್ನನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ.

ನಮ್ಮ ಮನೆಯಲ್ಲಿದ್ದುದು ಒಂಟಿ ನಳಿಗೆಯ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದನ್ನು ಹುಯ್ದು, ಅದರ ಮೇಲೆ ತೆಂಗಿನ ನಾರನ್ನು ತುರುಕಿ, ಸಲಾಕೆಯಿಂದ ಜಡಿದು, ಚರೆಯನ್ನೋ ಗುಂಡನ್ನೋ ಇಳಿಸಿ, ಅದು ಜಾರದಂತೆ ಮತ್ತಷ್ಟು ನಾರನ್ನು ತುಂಬಿ, ಕಡೆಗೆ ಹಿಂಬದಿಯಲ್ಲಿ ಕೇಪನ್ನು ಕೂರಿಸುವ ಆ ವಿಧಾನದಲ್ಲಿ, ಒಂದು ಈಡಿಗೂ ಮತ್ತೊಂದು ಈಡಿಗೂ ನಡುವೆ ಮನುಷ್ಯನು ತನ್ನ ಮನಸ್ಸನ್ನು ಬದಲಾಯಿಸಿಕೊಳ್ಳುವಷ್ಟು ಅವಕಾಶವಿರುತ್ತಿತ್ತು. ವಂಡ್ಸೆ ಹೋಬಳಿಯ ಗದ್ದೆಗಳು ಬಹುಪಾಲು ಕಾಡಿಗೆ ಹೊಂದಿಕೊಂಡವು; ಭತ್ತವು ಹಾಲುಗಟ್ಟುವ ಕಾಲಕ್ಕೆ ಹಂದಿಯ ಹಿಂಡು ಒಂದೇ ರಾತ್ರಿ ಇಳಿದರೆ, ತಿಂದುದಕ್ಕಿಂತ ಹೊರಳಿ ಕೆಡಿಸಿದುದೇ ಹೆಚ್ಚಾಗಿ, ಗೇಣಿ ಕೊಡಬೇಕಾದ ಒಕ್ಕಲಿಗೆ ಆ ವರ್ಷ ಉಪವಾಸವೇ ಗತಿ. ಆದುದರಿಂದ ಕೋವಿಯು ಮೊದಲು ಬಂದುದು ಬೆಳೆಯ ರಕ್ಷಣೆಗಾಗಿ. ಬೇಟೆಯ ಸಡಗರವು ಅದರ ಬೆನ್ನಿಗೆ ಬಂದುದು. ಕಾಡು ಸೋವುವವರು, ನಾಯಿ ಬಿಡುವವರು, ಬಿಲ್ಲಿಗೆ ನಿಲ್ಲುವವರು, ಹೀಗೆ ಊರೇ ಸೇರುತ್ತಿತ್ತು. ಸಿಕ್ಕಿದುದರಲ್ಲಿ ದೈವದ ಹೆಸರಿನಲ್ಲಿ ಒಂದಂಶವನ್ನು ತೆಗೆದಿರಿಸಿ, ಈಡು ಬಿಟ್ಟವನಿಗೆ ತುಸು ಹೆಚ್ಚಾಗಿಯೂ ಉಳಿದವರಿಗೆಲ್ಲ ಸಮನಾಗಿಯೂ ಪಾಲು ಹಾಕಿ, ನಾಯಿಗೂ ಅದರ ಪಾಲನ್ನು ಕೊಟ್ಟ ಮೇಲಲ್ಲದೆ ಯಾರೂ ಮನೆಗೆ ಹೊರಡುತ್ತಿರಲಿಲ್ಲವೆಂದು ಅಜ್ಜಯ್ಯ ಹೇಳುತ್ತಿದ್ದರು. ಅವರು ಮಕ್ಕಳಿಗೆ ಕೋವಿಯನ್ನು ಮುಟ್ಟಗೊಡುವುದಕ್ಕೆ ಮೊದಲು ಹೇಳುತ್ತಿದ್ದ ವಿಧಿಯಾದರೂ ಒಂದೇ ಒಂದು: “ಕಣ್ಣಿಗ್ ಕಾಣದ್ದಕ್ಕೆ ಈಡ್ ಬಿಡೂಕಾಗ, ಮಗಾ.” ಪೊದೆ ಅಲುಗಾಡಿತೆಂದು, ಸಪ್ಪಳವಾಯಿತೆಂದು, ಹಂದಿಯೇ ಇರಬೇಕೆಂದು ಬಗೆದು ಕುದುರೆಯೆಳೆದವನನ್ನು ಅವರು ಬೇಟೆಗಾರನೆಂದು ಎಣಿಸುತ್ತಲೇ ಇರಲಿಲ್ಲ.

ಈ ಮಾತನ್ನು ಬಾಲ್ಯದಲ್ಲಿ ನಾನು ಬರಿಯ ಎಚ್ಚರಿಕೆಯೆಂದು ತಿಳಿದಿದ್ದೆನು. ಕಾಡಿನಲ್ಲಿ ಹಂದಿಯೆಂದು ಭ್ರಮಿಸಿ ಜೊತೆಗಾರನಿಗೇ ಗುಂಡು ತಗುಲಿಸಿದ ವಾರ್ತೆಗಳು ಈಗಲೂ ಆಗಾಗ ಬರುತ್ತಿರುತ್ತವಷ್ಟೆ. ಆದರೆ ನಮ್ಮ ಕಾವ್ಯಗಳನ್ನು ಓದುತ್ತ ಹೋದಂತೆ, ಬೇಟೆಯ ಧರ್ಮಾಧರ್ಮಗಳ ವಿಚಾರವೆಲ್ಲವೂ ಈ ನೋಟದ ಸುತ್ತಲೇ ನಿಂತಿದೆಯೆಂದು ನನಗೆ ದೃಢವಾಗುತ್ತ ಬಂದಿತು.

ಶಾಸ್ತ್ರಕಾರರು ಬೇಟೆಯನ್ನು ಕುರಿತು ಏಕಾಭಿಪ್ರಾಯರಲ್ಲ. ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನೇ ಮೊದಲು ಹೆಸರಿಸುತ್ತಾನೆ. ಕೌಟಿಲ್ಯನು ಅದನ್ನು ಜೂಜಿಗಿಂತ ಲಘುವಾದ ದೋಷವೆಂದು ವಾದಿಸಿ, ದೇಹಕ್ಕೆ ವ್ಯಾಯಾಮ, ಮೇದಸ್ಸಿನ ನಾಶ, ನಿಂತ ಗುರಿಯನ್ನೂ ಓಡುವ ಗುರಿಯನ್ನೂ ಹೊಡೆಯುವ ಅಭ್ಯಾಸ, ಮೃಗಗಳ ಚಿತ್ತವೃತ್ತಿಯ ಪರಿಜ್ಞಾನ ಎಂದು ಅದರ ಲಾಭಗಳನ್ನು ಹೇಳುತ್ತಾನೆ. ಅನುಶಾಸನ ಪರ್ವದಲ್ಲಿ ಅಹಿಂಸೆಯನ್ನು ಪರಮಧರ್ಮವೆಂದು ಕೊಂಡಾಡುವ ಭೀಷ್ಮನೇ, ಕ್ಷತ್ರಿಯನು ತನ್ನ ಪ್ರಾಣವನ್ನೂ ಪಣವಾಗಿ ಒಡ್ಡಿ ಮೃಗದೊಡನೆ ಸಮನಾಗಿ ನಿಲ್ಲುವುದರಿಂದ, ಮೃಗವು ಅವನನ್ನು ಕೊಲ್ಲಬಹುದಾದ ಸಾಧ್ಯತೆಯು ಇರುವುದರಿಂದ, ಅವನ ಬೇಟೆಗೆ ದೋಷವಿಲ್ಲವೆಂದು ಒಂದೆಡೆ ಅಭಿಪ್ರಾಯಪಡುತ್ತಾನೆ. ಈ ಸಮತ್ವದ ವಾದವು ಗಂಭೀರವಾದುದು. ಆದರೆ ಕೋವಿಯು ಕೈಗೆ ಬಂದ ದಿನವೇ ಅದು ಬಹುಮಟ್ಟಿಗೆ ಸವೆಯಿತು, ಜೀಪೂ ಟಾರ್ಚೂ ಬಂದ ದಿನ ಪೂರ್ತಿಯಾಗಿ ಬಿದ್ದುಹೋಯಿತು. ಕಣ್ಣಿಗೆ ಬೆಳಕು ಹಾಯಿಸಿ, ದಿಕ್ಕು ತೋಚದೆ ನಿಂತ ಪ್ರಾಣಿಯನ್ನು ಹೊಡೆದುರುಳಿಸುವವನು ಭೀಷ್ಮನ ಮಾತನ್ನು ಆಶ್ರಯಿಸಲಾರನು.

ವಾದಗಳಿಗಿಂತ ಕಥೆಗಳು ಆಳವಾಗಿವೆ. ದಶರಥನು ಯುವರಾಜನಾಗಿದ್ದಾಗ ಶಬ್ದವೇಧಿಯೆಂದು ಕೀರ್ತಿ ಪಡೆದವನು. ಮಳೆಗಾಲದ ಒಂದು ಇರುಳು ಸರಯೂತೀರದಲ್ಲಿ, ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ತಿಳಿದು ಬಾಣ ಬಿಟ್ಟನು. ಬಿದ್ದವನು ಕುರುಡು ತಂದೆತಾಯಿಗಳ ಏಕಮಾತ್ರ ಆಧಾರನಾದ ತಾಪಸಕುಮಾರನು. ಆ ಮುದುಕನ ಶಾಪವು ದಶರಥನಿಗೆ ತಗುಲಿದುದು ಬೇಟೆಯಾಡಿದುದಕ್ಕಾಗಿ ಎನ್ನುವುದಕ್ಕಿಂತ, ಕಾಣದೆ ಕೊಲ್ಲಬಲ್ಲೆನೆಂಬ ಕೌಶಲ್ಯದ ಹೆಮ್ಮೆಗಾಗಿ ಎನ್ನುವುದು ಹೆಚ್ಚು ಯುಕ್ತವೆಂದು ನನ್ನ ಭಾವನೆ. ತಂದೆಯ ಬಾಣದ ಫಲವನ್ನು ಹದಿನಾಲ್ಕು ವರ್ಷ ಅರಣ್ಯದಲ್ಲಿ ಅನುಭವಿಸಿದವನು ಮಗನು.

ಇದಕ್ಕೆ ಸರಿಜೋಡಿಯಾದ ಕಥೆಯೊಂದು ನಮ್ಮ ಕನ್ನಡದಲ್ಲಿಯೇ ಇದೆ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಹಿಟ್ಟಿನ ಕೋಳಿಯ ಪ್ರಸಂಗವನ್ನು ಅರಿಯದ ಓದುಗರು ವಿರಳ. ದುಃಸ್ವಪ್ನದ ಪರಿಹಾರಕ್ಕಾಗಿ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿಯು ಒತ್ತಾಯಿಸಲು, ಜೀವಹಿಂಸೆಗೆ ಒಪ್ಪದ ಯಶೋಧರನು ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನಿಂದ ಮಾಡಿದ ಹುಂಜವನ್ನು ಕಡಿಯುತ್ತಾನೆ. ಕಡಿಯುವಾಗ ಅದು ಕೂಗುತ್ತದೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಇಬ್ಬರೂ ನವಿಲು ನಾಯಿಗಳಿಂದ ಮೊದಲಾಗಿ ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಯೋನಿಗಳಲ್ಲಿ ತೊಳಲುತ್ತಾರೆ. ಸಾಮಾನ್ಯವಾಗಿ ನಾವು ಇಲ್ಲಿಗೆ ನಿಲ್ಲಿಸುತ್ತೇವೆ. ಆದರೆ ಕಥೆಯ ಕರುಳು ಮುಂದೆ ಇದೆ. ಕಡೆಗೆ ಅವರಿಬ್ಬರೂ ಕೋಳಿಗಳಾಗಿ ಹುಟ್ಟಿ, ಮುನಿಯಿಂದ ಧರ್ಮವನ್ನು ಕೇಳಿ, ಪೂರ್ವಜನ್ಮಸ್ಮರಣೆಯುಂಟಾಗಿ ಸಂತೋಷದಿಂದ ಕೂಗುತ್ತಾರೆ. ರಾಜನಾದ ಯಶೋಮತಿಯು ತನ್ನ ರಾಣಿಗೆ ಬಿಲ್ವಿದ್ಯೆಯ ಚಮತ್ಕಾರವನ್ನು ತೋರಿಸುವುದಕ್ಕಾಗಿ ಆ ಕೂಗಿಗೆ ಗುರಿಯಿಟ್ಟು ಬಾಣ ಬಿಡುತ್ತಾನೆ. ಆ ಯಶೋಮತಿಯು ಯಶೋಧರನ ಮಗನು. ಅವನು ಕೊಂದುದು ತನ್ನ ತಂದೆಯನ್ನೂ ಅಜ್ಜಿಯನ್ನೂ. ಸತ್ತ ಆ ಎರಡು ಜೀವಗಳೂ ಮತ್ತೆ ಅದೇ ರಾಣಿಯ ಗರ್ಭವನ್ನು ಸೇರಿ, ಅವನಿಗೇ ಮಗನೂ ಮಗಳೂ ಆಗಿ ಹುಟ್ಟುತ್ತವೆ.

ವಾಲ್ಮೀಕಿಯಲ್ಲಿ ತಂದೆಯು ಕಾಣದೆ ಬಿಟ್ಟ ಬಾಣವು ಮಗನನ್ನು ಮುಟ್ಟಿತು. ಜನ್ನನಲ್ಲಿ ಮಗನು ಕಾಣದೆ ಬಿಟ್ಟ ಬಾಣವು ತಂದೆಯನ್ನು ಮುಟ್ಟಿತು. ಬೇಟೆಯು ನಮ್ಮ ಮನೆತನದ್ದು ಎಂದು ಎದೆಯುಬ್ಬಿಸುವವನಿಗೆ ಜೈನ ಕವಿಯು ಕೊಡುವ ಉತ್ತರವು ಭಯಂಕರವಾದುದು: ಕೊಲ್ಲುವ ಮನೆತನವೂ ಸಾಯುವ ಮನೆತನವೂ ಒಂದೇ. ಪುನರ್ಜನ್ಮವನ್ನು ಅಕ್ಷರಶಃ ನಂಬದವನಾದರೂ ಈ ದರ್ಶನದ ಬಲವನ್ನು ಅಲ್ಲಗಳೆಯುವಂತಿಲ್ಲ. ನಮ್ಮ ಸಮೀಪದ ಹಟ್ಟಿಯಂಗಡಿಯಲ್ಲಿಯೂ ಬಾರಕೂರಿನಲ್ಲಿಯೂ ಒಂದು ಕಾಲಕ್ಕೆ ಬಸದಿಗಳು ಬೆಳಗುತ್ತಿದ್ದುವು. ಸಂಕಲ್ಪದಿಂದ ಮಾಡಿದ ಹಿಂಸೆ, ಗೃಹಕೃತ್ಯದಲ್ಲಿ ಆಗುವ ಹಿಂಸೆ, ಉದ್ಯೋಗದಲ್ಲಿ ಆಗುವ ಹಿಂಸೆ, ಮೇಲೆ ಬಿದ್ದುದನ್ನು ತಡೆಯುವಾಗ ಆಗುವ ಹಿಂಸೆ ಎಂದು ಜೈನಾಚಾರ್ಯರು ವಿಂಗಡಿಸಿ, ಶ್ರಾವಕನಾದವನು ಮೊದಲನೆಯದನ್ನು ಪೂರ್ತಿಯಾಗಿ ಬಿಡತಕ್ಕದ್ದೆಂದು ವಿಧಿಸಿದರು. ಗದ್ದೆಗೆ ಇಳಿದ ಹಂದಿಯನ್ನು ಅಟ್ಟುವ ಒಕ್ಕಲಿಗನು ಕಡೆಯ ವರ್ಗದಲ್ಲಿಯೂ, ಹಬ್ಬದ ಮರುದಿನದ ಉಲ್ಲಾಸಕ್ಕೆ ಕಾಡು ಹೊಕ್ಕವನು ಮೊದಲನೆಯದರಲ್ಲಿಯೂ ಬೀಳುತ್ತಾರೆ. ಒಂದೇ ಕೋವಿ, ಒಂದೇ ಕೈ. ಆದರೂ ಕರ್ಮ ಎರಡು.

ಹಾಗಾದರೆ ಜೀವವಿಲ್ಲದ ಗುರಿಗೆ ಹೊಡೆಯುವುದು? ಇಲ್ಲಿ ಕೊಡಗಿನ ಮಾತು ಬರಬೇಕು. ಆ ನಾಡಿನಲ್ಲಿ ಕೋವಿಯು ಹುಟ್ಟುಸಾವುಗಳೆರಡರಲ್ಲಿಯೂ ದನಿಗೊಡುತ್ತದೆ. ಪುತ್ತರಿಯ ಕದಿರು ತೆಗೆಯುವಾಗ ಅದರ ಸದ್ದು ಬೇಕು. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ 3ರಂದು ಬರುವ ಕೈಲ್ ಮುಹೂರ್ತದ ದಿನ ಆಯುಧಗಳನ್ನು ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸಿ, ಹಿಂದೆ ಅಲ್ಲಿಂದ ಬೇಟೆಗೆ ಹೊರಡುತ್ತಿದ್ದರು. ಈಗ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಸ್ಪರ್ಧೆಯನ್ನು ನಡೆಸುತ್ತಾರೆ. 1861ರಿಂದ ಕೊಡವರಿಗೆ ಶಸ್ತ್ರಕಾಯಿದೆಯ ವಿನಾಯಿತಿಯು ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರಕಾರವು ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದುದನ್ನು ರಾಜ್ಯದ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿಯಿತು. ಮೃಗವು ಹೋಗಿ ಅದರ ಸ್ಥಾನದಲ್ಲಿ ಕಾಯಿಯು ಬಂದಿತು. ಇದು ಜನ್ನನ ಹಿಟ್ಟಿನ ಕೋಳಿಯೇ ಅಲ್ಲವೆ ಎಂದು ಯಾರಾದರೂ ಕೇಳಬಹುದು.

ಅಲ್ಲವೆಂದು ನಾನು ಹೇಳುವೆನು. ಹಿಟ್ಟಿನ ಕೋಳಿಯಲ್ಲಿ ದೋಷವಿದ್ದುದು ಹಿಟ್ಟಿನಲ್ಲಲ್ಲ, ಅದಕ್ಕೆ ಕೊಟ್ಟ ಕೋಳಿಯ ರೂಪದಲ್ಲಿ. ರೂಪವನ್ನು ಕೊಟ್ಟ ಕೈಯು ಕೊಲ್ಲುವ ಭಾವವನ್ನೂ ಅದರೊಳಗೆ ತುಂಬಿತು, ಆ ಭಾವವೇ ಕೂಗಿತು. ತೆಂಗಿನಕಾಯಿಯಾದರೋ ಯಾವ ಪ್ರಾಣಿಯ ಸೋಗನ್ನೂ ಹಾಕಿಕೊಂಡಿಲ್ಲ; ದೇವರ ಮುಂದೆ ದಿನವೂ ಒಡೆಯುವ ಕಾಯಿಯದು. ಅದಕ್ಕೆ ಗುರಿಹಿಡಿದವನು ಎದುರಿಸುವುದು ತನ್ನ ಕೈಯ ನಡುಕವನ್ನು, ತನ್ನ ಉಸಿರಿನ ಏರಿಳಿತವನ್ನು. ಈಗಿನ ಹತ್ತು ಮೀಟರಿನ ಏರ್‌ರೈಫಲ್ ಸ್ಪರ್ಧೆಯಲ್ಲಿ ನಡುವಣ ಬಿಂದುವಿನ ವ್ಯಾಸವು ಅರ್ಧ ಮಿಲಿಮೀಟರ್ ಮಾತ್ರ. ಅದರ ಮುಂದೆ ನಿಂತ ಹುಡುಗಿಯು ಗುಂಡು ಬಿಡುವುದಕ್ಕೆ ಮೊದಲು ತನ್ನ ದೇಹವನ್ನೆಲ್ಲ ಅಡಗಿಸುವ ರೀತಿಯು ಧ್ಯಾನಕ್ಕೆ ದೂರವಾದುದಲ್ಲ. ಪ್ರಣವವನ್ನು ಧನುಸ್ಸಾಗಿ, ಆತ್ಮವನ್ನು ಶರವಾಗಿ, ಬ್ರಹ್ಮವನ್ನು ಲಕ್ಷ್ಯವಾಗಿ ಭಾವಿಸಿದ ಮುಂಡಕೋಪನಿಷತ್ತಿನ ಋಷಿಯು ಬಿಲ್ಲುಗಾರರನ್ನು ಹತ್ತಿರದಿಂದ ನೋಡಿದವನೇ ಇರಬೇಕು.

ಆದರೂ ಗುರಿಯ ಅಭ್ಯಾಸಕ್ಕೆ ತನ್ನದೇ ಆದ ಅಪಾಯವೊಂದುಂಟು. ದ್ರೋಣನು ಶಿಷ್ಯರನ್ನು ಪರೀಕ್ಷಿಸಲು ಮರದ ತುದಿಯಲ್ಲಿ ಇರಿಸಿದುದು ಶಿಲ್ಪಿಗಳಿಂದ ಮಾಡಿಸಿದ ಕೃತಕ ಪಕ್ಷಿ. ಉಳಿದವರು ಮರವನ್ನು ಕಂಡರು, ಕೊಂಬೆಯನ್ನು ಕಂಡರು, ಗುರುವನ್ನೂ ತಮ್ಮಂದಿರನ್ನೂ ಕಂಡರು. ಅರ್ಜುನನೊಬ್ಬನೇ ಹಕ್ಕಿಯ ತಲೆಯ ಹೊರತು ಮತ್ತೇನನ್ನೂ ಕಾಣಲಿಲ್ಲ. ಇದನ್ನು ನಾವು ಏಕಾಗ್ರತೆಯ ನಿದರ್ಶನವೆಂದು ಮಕ್ಕಳಿಗೆ ಬೋಧಿಸುತ್ತ ಬಂದಿದ್ದೇವೆ, ತಪ್ಪಲ್ಲ. ಆದರೆ ಅದೇ ಅರ್ಜುನನು ಕುರುಕ್ಷೇತ್ರದಲ್ಲಿ ಎರಡು ಸೇನೆಗಳ ನಡುವೆ ನಿಂತಾಗ, ಪಿತೃಗಳನ್ನೂ ಪಿತಾಮಹರನ್ನೂ ಆಚಾರ್ಯರನ್ನೂ ಪೂರ್ಣವಾಗಿ ಕಂಡನು. ಕಂಡೊಡನೆ ಗಾಂಡೀವವು ಜಾರಿತು. ಹುಡುಗನಾಗಿದ್ದಾಗ ನೋಟವನ್ನು ಸಂಕೋಚಗೊಳಿಸಿ ಗೆದ್ದವನಿಗೆ, ವಯಸ್ಸಿನಲ್ಲಿ ನೋಟವು ವಿಸ್ತಾರವಾಯಿತು. ಧರ್ಮದ ಪ್ರಶ್ನೆಯು ಅವನಿಗೆ ಹುಟ್ಟಿದುದು ಎರಡನೆಯ ನೋಟದಲ್ಲಿ. ಗುರಿಯ ಅಂಗಳವು ಮೊದಲನೆಯ ನೋಟವನ್ನು ಕಲಿಸಬಲ್ಲುದು, ಎರಡನೆಯದನ್ನು ಕಲಿಸಲಾರದು. ಹಂದಿಯ ಹಿಂದೆ ಮರಿಗಳಿವೆಯೆ, ಆ ಪೊದೆಯಾಚೆ ಸೌದೆಗೆ ಬಂದ ಹೆಂಗಸರಿದ್ದಾರೆಯೆ ಎಂದು ನೋಡಬೇಕಾದ ಪ್ರಮೇಯವೇ ಅಲ್ಲಿ ಇಲ್ಲ.

ಸ್ಪೇನಿನ ತತ್ತ್ವಜ್ಞ ಓರ್ತೆಗಾ ಯಿ ಗಾಸೆಟ್ ಎಂಬಾತನು 1942ರಲ್ಲಿ, ಬೇಟೆಗಾರನೊಬ್ಬನ ಗ್ರಂಥಕ್ಕೆ ಬರೆದ ದೀರ್ಘವಾದ ಮುನ್ನುಡಿಯಲ್ಲಿ, ಸಾವಿನ ಸಂಭವವಿಲ್ಲದೆ ಬೇಟೆಯೇ ಇಲ್ಲವೆಂದೂ, ಕ್ಯಾಮೆರಾ ಹಿಡಿದು ಮೃಗಗಳನ್ನು ಬೆನ್ನಟ್ಟುವುದು ಬೇಟೆಯ ಹುಸಿಯನುಕರಣವೆಂದೂ ಪ್ರತಿಪಾದಿಸಿದನು. ಬೇಟೆಗಾರನ ಎಚ್ಚರವನ್ನು ಅವನು ವರ್ಣಿಸುವ ರೀತಿಯು ನಿಜವಾಗಿ ಶ್ರೇಷ್ಠವಾದುದು. ಆದರೆ ಸತ್ತ ಪ್ರಾಣಿಯ ನಂತರದ ಗತಿಯನ್ನು ಕುರಿತು ಅವನ ಚಿಂತನೆಯು ನನ್ನನ್ನು ತೃಪ್ತಿಗೊಳಿಸಲಿಲ್ಲ. ನಮ್ಮವರು ಅಲ್ಲಿಂದಲೇ ಆರಂಭಿಸಿದವರು. ಮಂಡ್ಯದ ಸೀಮೆಯ ಆತಕೂರಿನ, ಸುಮಾರು 950ರ ಶಾಸನವೊಂದಿದೆ: ಮಣಲೇರನೆಂಬ ವೀರನು ಒಡೆಯನಿಂದ ಮೆಚ್ಚಾಗಿ ಬೇಡಿ ಪಡೆದ ಕಾಳಿಯೆಂಬ ನಾಯಿಯು ಬೆಳತೂರಿನ ಗುಡ್ಡದಲ್ಲಿ ಮಹಾವರಾಹವೊಂದರೊಡನೆ ಹೋರಾಡಿ, ಎರಡೂ ಕೂಡಿ ಸತ್ತುವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡನಾದರೆ ನಾಯಿಯು ಮಾಡಿದ ಪಾಪವು ಅವನಿಗೆ ತಟ್ಟುವುದೆಂದು ಶಪಥವಿಟ್ಟರು. ಕಲ್ಲಿನ ಮೇಲೆ ನಾಯಿಯಷ್ಟೇ ಅಲ್ಲ, ಹಂದಿಯೂ ಕೆತ್ತಲ್ಪಟ್ಟಿದೆ. ಒಡೆಯನ ಆಜ್ಞೆಯಿಂದ ಕೊಂದ ನಾಯಿಗೂ ಪಾಪವುಂಟು, ಅದು ಸತ್ತ ಮೇಲೂ ಉಳಿಯುತ್ತದೆ, ಉಣ್ಣುವವರು ಅದನ್ನು ದಿನದಿನವೂ ನೆನೆದು ಉಣ್ಣಬೇಕು: ಶೌರ್ಯದ ಸ್ತುತಿಗಾಗಿ ನಿಲ್ಲಿಸಿದ ಕಲ್ಲಿನಲ್ಲಿಯೇ ಇಂಥ ಮಾತನ್ನು ಕೊರೆಯಿಸಿದ ಆ ಪೂರ್ವಿಕರನ್ನು ನಾನು ನಮಸ್ಕರಿಸುತ್ತೇನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಲೂ ಅದರ ಮುಂದಣ ತಿದ್ದುಪಡಿಗಳಿಂದಲೂ ನಮ್ಮ ಕಡೆ ಬೇಟೆಯು ನಿಂತಿತು. 1974ರಲ್ಲಿ ಮೂಕಾಂಬಿಕಾ ಅಭಯಾರಣ್ಯವಾಯಿತು. ನಿಂತುದು ಒಳ್ಳೆಯದಾಯಿತೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಹಂದಿ, ಮಂಗ, ನವಿಲುಗಳಿಂದ ಕೃಷಿಕನಿಗೆ ಆಗುವ ನಷ್ಟವು ನಿಜವಾದುದು, ಅದಕ್ಕೆ ಸರಕಾರವು ಇನ್ನೂ ಕಿವಿಗೊಡಬೇಕಾಗಿದೆ. ಅದು ಬೇರೆ ವಿಚಾರ. ಕೋವಿಯು ಬೆಳೆರಕ್ಷಣೆಯ ಪರವಾನಗಿಯ ಮೇಲೆ ಮನೆಯಲ್ಲಿ ಉಳಿದಿದೆ. ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುತ್ತದೆ, ನವರಾತ್ರಿಯಲ್ಲಿ ಹೂವು ಮುಡಿಯುತ್ತದೆ. ಮನೆಯ ಹುಡುಗರಿಗೆ ಏರ್‌ಗನ್ನಿನ ಆಸೆ. ಕಲಿಯಲಿ, ನಾನು ತಡೆಯಲಿಲ್ಲ. ಆದರೆ ಅದಕ್ಕೆ ಮೊದಲು, ತೆನೆಯ ಕಾಲದಲ್ಲಿ ಗದ್ದೆಯ ಅಂಚಿನ ಮಾಳದಲ್ಲಿ ಒಂದು ರಾತ್ರಿ ಬರಿಗೈಯಲ್ಲಿ ಕುಳಿತು, ಬಂದ ಹಿಂಡನ್ನು ಮರಿಗಳೊಡನೆ ಪೂರ್ತಿಯಾಗಿ ನೋಡಿ ಬರತಕ್ಕದ್ದೆಂದು ನಿಯಮ ಮಾಡಿದ್ದೇನೆ.

ಈಗ ಮನೆಯಲ್ಲಿ ನಡೆಯುತ್ತಿರುವ ಚರ್ಚೆಯೇ ಬೇರೆ. ಬೇಟೆಯು ನಿಂತು ಅರ್ಧ ಶತಮಾನವಾಗಿದ್ದರೂ, ಬೇಟೆಯ ಪಾಲಿನ ಬದಲಿಗೆಂದು ಹಿರಿಯರು ದೈವಕ್ಕೆ ಗೊತ್ತುಮಾಡಿದ ವಾರ್ಷಿಕ ಸೇವೆಯು ನಡೆಯುತ್ತಲೇ ಇದೆ. ಕೊಲ್ಲದ ನಾವು ಅದನ್ನು ಏಕೆ ಸಲ್ಲಿಸಬೇಕೆಂದು ಕಿರಿಯರು ಕೇಳುತ್ತಾರೆ. ಅವರಲ್ಲಿ ವಕೀಲಿ ಓದಿದ ಸೋದರಳಿಯನೊಬ್ಬನು ವಾದವನ್ನು ಚೆನ್ನಾಗಿಯೇ ಹೂಡಿದನು. ತಂದೆಯ ಸಾಲವನ್ನು ತೀರಿಸುವುದು ಮಗನ ಪವಿತ್ರವಾದ ಬಾಧ್ಯತೆಯೆಂಬ ಹಿಂದೂ ನ್ಯಾಯದ ತತ್ತ್ವವನ್ನು 2005ರ ತಿದ್ದುಪಡಿಯು ತೆಗೆದುಹಾಕಿದೆ. ಅದು ಇದ್ದ ಕಾಲದಲ್ಲಿಯೂ ಸುರೆ, ಕಾಮ, ದ್ಯೂತಗಳಿಗಾಗಿ ತಂದೆ ಮಾಡಿದ ಸಾಲವನ್ನು ಮಗನು ತೀರಿಸಬೇಕಾಗಿಲ್ಲವೆಂದು ಯಾಜ್ಞವಲ್ಕ್ಯನೇ ಹೇಳಿದ್ದಾನೆ. ಮೃಗಯೆಯು ಮನುವಿನ ಲೆಕ್ಕದಲ್ಲಿ ದ್ಯೂತದ ಸಾಲಿನಲ್ಲಿಯೇ ಇರುವ ವ್ಯಸನವಾದುದರಿಂದ, ಅದರ ಋಣವು ನಮ್ಮನ್ನು ಅಂಟುವುದಿಲ್ಲ. ನಾನು ಹೇಳಿದುದು ಇಷ್ಟು: ಅಜ್ಜಯ್ಯ ವ್ಯಸನಕ್ಕಾಗಿ ಕೊಂದುದಿದ್ದರೆ ಅದು ಅವರದು. ಆದರೆ ಗದ್ದೆ ಉಳಿದುದರಿಂದ ಉಂಡವರು, ಪಾಲು ಬಂದ ದಿನ ಉಂಡವರು, ಆ ಅನ್ನದಿಂದ ಬೆಳೆದ ಮೈಗೆ ಹುಟ್ಟಿದವರು ನಾವು. ಕುಟುಂಬದ ಪೋಷಣೆಗಾಗಿ ಯಜಮಾನನು ಮಾಡಿದ ಸಾಲಕ್ಕೆ ಉಂಡವರೆಲ್ಲರೂ ಹೊಣೆಯೆಂಬ ನ್ಯಾಯವೂ ಅದೇ ಗ್ರಂಥಗಳಲ್ಲಿದೆಯಲ್ಲವೆ? ಗದ್ದೆಯ ಪಾಲುಪಟ್ಟಿಗೆ ಎಲ್ಲರೂ ರುಜು ಹಾಕಿದ್ದೇವೆ. ಅಳಿಯನು ಒಪ್ಪಿದನೆಂದು ಹೇಳಲಾರೆನು. ಈ ವರ್ಷದ ಸೇವೆಯ ಖರ್ಚಿನಲ್ಲಿ ತನ್ನ ಭಾಗವನ್ನು ಕಳುಹಿಸಿಕೊಟ್ಟಿದ್ದಾನೆ, ವಾದವನ್ನು ಮುಂದಿನ ಮಳೆಗಾಲಕ್ಕೆ ಇಟ್ಟುಕೊಂಡಿದ್ದಾನೆ.